ಮಕ್ಕಳ ಪಾಲನೆಯ ಹೊರೆ ಮತ್ತು ಆದಾಯ ಕರದ ಲೆಕ್ಕ

ಜೂನ್ ತಿಂಗಳು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಈ ವರ್ಷ ಮಳೆ ಹೇಗಾದೀತು ಎಂಬುದು ಮೊದಲನೆಯದು. ಮಕ್ಕಳ ಶಾಲೆ-ಕಾಲೇಜಿನ ಶುಲ್ಕಕ್ಕೆ ಹಣ ಹೊಂದಿಸುವುದು ಹೇಗೆ ಎಂಬುದು ಎರಡನೆಯದು. ಶುಲ್ಕ, ಪುಸ್ತಕ, ಸಮವಸ್ತ್ರ, ವಸತಿ ನಿಲಯ, ವೈದ್ಯಕೀಯ ವೆಚ್ಚ ಎಲ್ಲವೂ ಸೇರಿ ಗೃಹಸ್ಥನ ಗಳಿಕೆಯ ದೊಡ್ಡ ಪಾಲನ್ನು ನುಂಗಿಬಿಡುತ್ತವೆ. ಇಷ್ಟಾದ ಮೇಲೂ ಮಾರ್ಚ್ ತಿಂಗಳಲ್ಲಿ ಸಂಬಳದಿಂದ ಕರ ಕಡಿತವಾದಾಗ, "ಮಕ್ಕಳನ್ನು ಸಾಕಿ ಓದಿಸುವವರಿಗೆ ಸರಕಾರದ ಕಾನೂನಿನಲ್ಲಿ ಏನೂ ಅನುಕೂಲವಿಲ್ಲವೆ?" ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ.

ಅನುಕೂಲವಿದೆ. ಆದರೆ ಅದು ಒಂದೇ ಕಡೆ ಇಲ್ಲ. ಕಾಯಿದೆಯ ಹಲವು ಕಲಮುಗಳಲ್ಲಿ ಚದುರಿಹೋಗಿದೆ. ಅದರ ಜೊತೆಗೆ ಈಚಿನ ವರ್ಷಗಳಲ್ಲಿ ಕರ ಪದ್ಧತಿಯೇ ಎರಡಾಗಿ ಒಡೆದಿರುವುದರಿಂದ, ಹಿಂದೆ ಕೇಳಿ ತಿಳಿದದ್ದು ಇಂದಿಗೆ ಅನ್ವಯಿಸುತ್ತದೆಂದು ಹೇಳುವಂತಿಲ್ಲ. ನಮ್ಮ ಬಂಧು ಬಾಂಧವರಲ್ಲಿ ಅನೇಕರು ಅರಿಯದೆ ಕಳೆದುಕೊಂಡದ್ದನ್ನೂ, ಕೆಲವರು ತಪ್ಪು ತಿಳಿವಳಿಕೆಯಿಂದ ತೊಂದರೆಗೆ ಸಿಲುಕಿದ್ದನ್ನೂ ಕಂಡು ಈ ಲೇಖನವನ್ನು ಬರೆಯಲು ಮನಸ್ಸು ಮಾಡಿದ್ದೇವೆ. ತೊಂದರೆಗೆ ಸಿಲುಕಿದವರಲ್ಲಿ ನಾವೂ ಒಬ್ಬರು ಎಂಬುದನ್ನು ಮುಂದೆ ಹೇಳಲಿದ್ದೇವೆ.

ಎರಡು ದಾರಿಗಳು

ಇಂದು ಕರದಾತನ ಮುಂದೆ ಹಳೆಯ ಪದ್ಧತಿ, ಹೊಸ ಪದ್ಧತಿ ಎಂಬ ಎರಡು ದಾರಿಗಳಿವೆ. ಹಳೆಯದರಲ್ಲಿ ಕರದ ದರ ಹೆಚ್ಚು, ವಿನಾಯಿತಿಗಳೂ ಹೆಚ್ಚು. ಹೊಸದರಲ್ಲಿ ದರ ಕಡಿಮೆ. ಆದರೆ ಶಾಲಾ ಶುಲ್ಕ, ಜೀವ ವಿಮೆ, ಆರೋಗ್ಯ ವಿಮೆ, ಶಿಕ್ಷಣ ಸಾಲದ ಬಡ್ಡಿ ಮೊದಲಾದ ಯಾವ ಕಡಿತವೂ ದೊರೆಯದು. 2023-24ನೇ ಹಣಕಾಸು ವರ್ಷದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕೆನ್ನುವವರು ಅದನ್ನು ಕೇಳಿ ಪಡೆಯಬೇಕು.

2025-26ನೇ ಸಾಲಿನ ಹೊಸ ಪದ್ಧತಿಯಲ್ಲಿ 4 ಲಕ್ಷ ರೂ. ವರೆಗೆ ಕರವಿಲ್ಲ, ಕರಾರ್ಹ ಆದಾಯ 12 ಲಕ್ಷ ರೂ. ಮೀರದ ನಿವಾಸಿ ವ್ಯಕ್ತಿಗೆ ರಿಯಾಯಿತಿಯ ಮೂಲಕ ಕರ ಪೂರ್ತಿಯಾಗಿ ಮನ್ನಾ ಆಗುತ್ತದೆ. ಸಂಬಳದಾರರಿಗೆ 75 ಸಾವಿರ ರೂ. ಪ್ರಮಾಣಿತ ಕಡಿತವಿರುವುದರಿಂದ, 12 ಲಕ್ಷ 75 ಸಾವಿರ ರೂ. ವರೆಗಿನ ಸಂಬಳಕ್ಕೆ ಕರದ ಹೊರೆಯೇ ಇಲ್ಲ. ಇಷ್ಟರೊಳಗೆ ದುಡಿಯುವ ಗೃಹಸ್ಥರು ಕರ ಉಳಿಸುವುದಕ್ಕೆಂದೇ ಬೇಡವಾದ ವಿಮೆಗಳನ್ನು ಕೊಳ್ಳುವುದಾಗಲಿ, ಸಾಲ ಮಾಡಿ ಹಣ ತೊಡಗಿಸುವುದಾಗಲಿ ಅನವಶ್ಯಕ. ಅವರ ಪಾಲಿಗೆ ಮಕ್ಕಳ ಹೆಸರಿನ ಉಳಿತಾಯ ಉಳಿತಾಯಕ್ಕಾಗಿಯೇ ಇರಲಿ.

ಇದಕ್ಕಿಂತ ಹೆಚ್ಚು ಆದಾಯವುಳ್ಳವರು ಮಾತ್ರ ಎರಡೂ ದಾರಿಗಳ ಲೆಕ್ಕವನ್ನು ಹಾಕಿ ನೋಡಬೇಕು. ವ್ಯಾಪಾರದ ಆದಾಯವಿಲ್ಲದ ಸಂಬಳದಾರನು ಪ್ರತಿ ವರ್ಷವೂ ತನಗೆ ಬೇಕಾದುದನ್ನು ಆಯ್ದುಕೊಳ್ಳಬಹುದು. ವ್ಯಾಪಾರ ಅಥವಾ ವೃತ್ತಿಯ ಆದಾಯವುಳ್ಳವನಿಗೆ ಹೀಗೆ ಪದೇ ಪದೇ ಬದಲಾಯಿಸುವ ಸ್ವಾತಂತ್ರ್ಯವಿಲ್ಲ. ಇನ್ನೊಂದು ಮಾತು: ಹಳೆಯ ಪದ್ಧತಿಯನ್ನು ಆಯ್ದುಕೊಳ್ಳುವವರು ರಿಟರ್ನನ್ನು ಗಡುವಿನೊಳಗೆ ಸಲ್ಲಿಸಲೇಬೇಕು. ಗಡುವು ಮೀರಿದರೆ ಹೊಸ ಪದ್ಧತಿಯೇ ಗತಿ. ಒಂದು ದಿನದ ಉದಾಸೀನದಿಂದ ವರ್ಷದ ವಿನಾಯಿತಿಗಳೆಲ್ಲ ಕೈತಪ್ಪಿ ಹೋಗಬಲ್ಲವು.

ಶಾಲಾ ಶುಲ್ಕದ ಕಡಿತ

ಜನರ ಬಾಯಲ್ಲಿ '80ಸಿ' ಎಂದೇ ರೂಢಿಯಾಗಿರುವ ಕಲಮು ಹಳೆಯ ಪದ್ಧತಿಯ ಮುಖ್ಯ ಆಸರೆ. (1961ರ ಕಾಯಿದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ಕರ ಕಾಯಿದೆಯಲ್ಲಿ ಇದರ ಸಂಖ್ಯೆ 123. ವಾಚಕರಿಗೆ ಪರಿಚಿತವೆಂದು ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಿದ್ದೇವೆ.) ಇದರಡಿಯಲ್ಲಿ ವರ್ಷಕ್ಕೆ ಒಟ್ಟು 1 ಲಕ್ಷ 50 ಸಾವಿರ ರೂ. ವರೆಗೆ ಕಡಿತ ದೊರೆಯುತ್ತದೆ. ಭವಿಷ್ಯ ನಿಧಿ, ಜೀವ ವಿಮೆಯ ಕಂತು, ಗೃಹಸಾಲದ ಅಸಲು ಇವುಗಳೊಡನೆ ಮಕ್ಕಳ ಬೋಧನಾ ಶುಲ್ಕವೂ ಇದೇ ಮಿತಿಯಲ್ಲಿ ಸೇರುತ್ತದೆ.

ಬೋಧನಾ ಶುಲ್ಕದ ವಿಷಯದಲ್ಲಿ ನೆನಪಿಡಬೇಕಾದುದು ಇಷ್ಟು. ಒಬ್ಬ ಕರದಾತನಿಗೆ ಇಬ್ಬರು ಮಕ್ಕಳ ಶುಲ್ಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ಶಾಲೆ ಅಥವಾ ಕಾಲೇಜು ಭಾರತದಲ್ಲಿರಬೇಕು, ಶಿಕ್ಷಣ ಪೂರ್ಣಾವಧಿಯದಾಗಿರಬೇಕು. ಶಿಶುವಿಹಾರ, ನರ್ಸರಿ ತರಗತಿಗಳ ಶುಲ್ಕಕ್ಕೂ ಈ ಸೌಲಭ್ಯವುಂಟು. ಮನೆಪಾಠದ ಶುಲ್ಕಕ್ಕೆ ಇಲ್ಲ. ಅಭಿವೃದ್ಧಿ ಶುಲ್ಕ, ವಂತಿಗೆ, ದೇಣಿಗೆ ಎಂಬ ಹೆಸರಿನಲ್ಲಿ ಕೊಟ್ಟದ್ದು ಬೋಧನಾ ಶುಲ್ಕವೆನಿಸದು. ಆದುದರಿಂದ ಶುಲ್ಕ ಕಟ್ಟುವಾಗ ಬಾಬತ್ತುಗಳನ್ನು ಬಿಡಿಬಿಡಿಯಾಗಿ ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಿರಿ. ಎಲ್ಲವನ್ನೂ ಒಂದೇ ಮೊತ್ತವಾಗಿ ಬರೆದುಕೊಟ್ಟ ಚೀಟಿ ಮುಂದೆ ಉಪಯೋಗಕ್ಕೆ ಬಾರದು.

ಗಂಡ ಹೆಂಡಿರಿಬ್ಬರೂ ದುಡಿಯುವವರಾದರೆ ಇಬ್ಬರಿಗೂ ಪ್ರತ್ಯೇಕ ಮಿತಿಯಿದೆ. ಮೂವರು ಮಕ್ಕಳಿರುವ ಮನೆಯಲ್ಲಿ ಇಬ್ಬರ ಶುಲ್ಕವನ್ನು ತಂದೆಯೂ ಒಬ್ಬರದನ್ನು ತಾಯಿಯೂ ಕಟ್ಟಿ, ಅವರವರು ಕಟ್ಟಿದಷ್ಟನ್ನು ಅವರವರ ಲೆಕ್ಕದಲ್ಲಿ ತೋರಿಸಬಹುದು. ಒಂದೇ ರಸೀದಿಯನ್ನು ಇಬ್ಬರೂ ತೋರಿಸುವುದು ಮಾತ್ರ ಸಲ್ಲದು.

ಉದ್ಯೋಗದಾತರು ಸಂಬಳದ ಜೊತೆಗೆ ಕೊಡುವ ಮಕ್ಕಳ ಶಿಕ್ಷಣ ಭತ್ಯಕ್ಕೂ ವಿನಾಯಿತಿ ಉಂಟು. 1962ರ ನಿಯಮಾವಳಿಯಲ್ಲಿ ಇದು ಮಗುವಿಗೆ ತಿಂಗಳಿಗೆ 100 ರೂ., ವಸತಿ ನಿಲಯದ ಭತ್ಯವಾದರೆ 300 ರೂ. ಮಾತ್ರ ಆಗಿತ್ತು. ಒಂದು ಜೊತೆ ನೋಟು ಪುಸ್ತಕಗಳಿಗೂ ಸಾಲದ ಈ ಮೊತ್ತವು ಅನೇಕ ವರ್ಷಗಳ ಕಾಲ ಹಾಗೆಯೇ ನಿಂತಿದ್ದುದು, ಮಕ್ಕಳ ವೆಚ್ಚವನ್ನು ಕಾನೂನು ಎಷ್ಟು ನಿಧಾನವಾಗಿ ಗಮನಿಸುತ್ತದೆ ಎಂಬುದಕ್ಕೆ ಸಾಕ್ಷಿ.

ಹೆಣ್ಣು ಮಗುವಿನ ಹೆಸರಿನಲ್ಲಿ

2015ರ ಜನವರಿಯಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಯೋಜನೆ ಹೆಣ್ಣು ಮಕ್ಕಳ ತಂದೆ ತಾಯಿಗಳು ಅವಶ್ಯವಾಗಿ ತಿಳಿದಿರಬೇಕಾದುದು. ಹತ್ತು ವರ್ಷ ತುಂಬದ ಹೆಣ್ಣು ಮಗುವಿನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂ., ಗರಿಷ್ಠ 1 ಲಕ್ಷ 50 ಸಾವಿರ ರೂ. ಕಟ್ಟಲು ಅವಕಾಶವಿದೆ. ಹದಿನೈದು ವರ್ಷ ಕಟ್ಟಿದರೆ, ಖಾತೆ ತೆರೆದ ಇಪ್ಪತ್ತೊಂದು ವರ್ಷಕ್ಕೆ ಹಣ ಪಕ್ವವಾಗುತ್ತದೆ. ಮಗಳಿಗೆ ಹದಿನೆಂಟು ತುಂಬಿದ ಮೇಲೆ ಅಥವಾ ಹತ್ತನೆಯ ತರಗತಿ ಮುಗಿದ ಮೇಲೆ ಉನ್ನತ ವ್ಯಾಸಂಗಕ್ಕಾಗಿ ಅರ್ಧದಷ್ಟನ್ನು ತೆಗೆಯಬಹುದು. ಬಡ್ಡಿಯ ದರವನ್ನು ಸರಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. 2024ರ ಜನವರಿಯಲ್ಲಿ ಅದನ್ನು ಶೇಕಡಾ 8.2ಕ್ಕೆ ಏರಿಸಲಾಯಿತು. ಒಂದು ಕುಟುಂಬಕ್ಕೆ ಎರಡು ಖಾತೆ. ಅವಳಿ ಮಕ್ಕಳಿದ್ದರೆ ಮಾತ್ರ ವಿಶೇಷ ಅವಕಾಶ.

ಕಟ್ಟಿದ ಹಣಕ್ಕೆ ಕಡಿತ ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಆದರೆ ಬರುವ ಬಡ್ಡಿಗೂ ಕೊನೆಯಲ್ಲಿ ಕೈಸೇರುವ ಮೊತ್ತಕ್ಕೂ ಎರಡೂ ಪದ್ಧತಿಗಳಲ್ಲಿ ಕರವಿಲ್ಲ. ಆದುದರಿಂದ ಹೊಸ ಪದ್ಧತಿಗೆ ಹೋದವರು ಈ ಖಾತೆಯನ್ನು ನಿಲ್ಲಿಸಬೇಕಾದ ಕಾರಣವಿಲ್ಲ. ಗಂಡು ಮಗುವಿರುವವರಿಗೆ ಪಿ.ಪಿ.ಎಫ್. ಎಂದು ಹೆಸರಾದ ಸಾರ್ವಜನಿಕ ಭವಿಷ್ಯ ನಿಧಿಯುಂಟು. ಆದರೆ ಪಾಲಕರ ಖಾತೆ, ಮಗುವಿನ ಖಾತೆ ಎರಡೂ ಸೇರಿ ವರ್ಷಕ್ಕೆ 1 ಲಕ್ಷ 50 ಸಾವಿರ ರೂ. ಮೀರುವಂತಿಲ್ಲ.

ಮಕ್ಕಳ ಹೆಸರಿನ ಠೇವಣಿ: ನಾವು ಕಲಿತ ಪಾಠ

ಇನ್ನು ನಮ್ಮದೇ ಮನೆಯ ಕಥೆ. ಹೊಲದ ಒಂದು ತುಣುಕನ್ನು ಮಾರಿ ಬಂದ ಹಣದಲ್ಲಿ ನಮ್ಮ ತಂದೆಯವರು ಇಬ್ಬರು ಮೊಮ್ಮಕ್ಕಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ಹಣ ಅಜ್ಜನದು, ಹೆಸರು ಮಕ್ಕಳದು. ಇದರ ಬಡ್ಡಿಗೂ ನಮಗೂ ಸಂಬಂಧವಿಲ್ಲವೆಂದು ನಾವು ನಿಶ್ಚಿಂತರಾಗಿದ್ದೆವು. ಮಕ್ಕಳಿಗೆ ಪ್ಯಾನ್ ಸಂಖ್ಯೆ ಇಲ್ಲದ್ದರಿಂದ ನಮ್ಮ ಸಂಖ್ಯೆಯನ್ನೇ ಬರೆದುಕೊಟ್ಟಿದ್ದೆವು. 2022ರಲ್ಲಿ ಇಲಾಖೆಯಿಂದ ಸಂದೇಶ ಬಂದಾಗ ನಮಗೆ ಎದೆ ಧಸಕ್ಕೆಂದಿತು. ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಆ ಬಡ್ಡಿಯೆಲ್ಲ ನಮ್ಮ ಹೆಸರಿನಲ್ಲಿಯೇ ದಾಖಲಾಗಿತ್ತು. ನಮ್ಮ ರಿಟರ್ನಿನಲ್ಲಿ ಅದರ ಸುಳಿವೂ ಇರಲಿಲ್ಲ. ತೆರಬೇಕಾದ ಕರವನ್ನೂ ಅದರ ಮೇಲಿನ ಬಡ್ಡಿಯನ್ನೂ ತೆತ್ತು ಕೈತೊಳೆದುಕೊಂಡೆವು. ತಪ್ಪು ಬ್ಯಾಂಕಿನದಲ್ಲ, ಇಲಾಖೆಯದೂ ಅಲ್ಲ. ಕಾನೂನನ್ನು ಕೇಳಿ ತಿಳಿಯದ ನಮ್ಮದೇ.

1992ರ ಹಣಕಾಸು ಕಾಯಿದೆಯಿಂದ ಸೇರ್ಪಡೆಯಾದ ನಿಯಮದಂತೆ, ಹದಿನೆಂಟು ತುಂಬದ ಮಗುವಿನ ಆದಾಯವನ್ನು ತಂದೆ ತಾಯಿಗಳಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯದೊಡನೆ ಸೇರಿಸಬೇಕು. ಹಣ ಅಜ್ಜ-ಅಜ್ಜಿಯರು ಕೊಟ್ಟದ್ದಾದರೂ ಸರಿಯೆ. ಹಳೆಯ ಪದ್ಧತಿಯಲ್ಲಿ ಹೀಗೆ ಸೇರಿಸುವಾಗ ಮಗುವಿಗೆ 1,500 ರೂ. ಬಿಟ್ಟುಕೊಡುತ್ತಾರೆ, ಹೊಸದರಲ್ಲಿ ಅದೂ ಇಲ್ಲ. ಮಗು ತನ್ನ ದುಡಿಮೆಯಿಂದ ಅಥವಾ ಹಾಡು, ಅಭಿನಯ, ಆಟದಂತಹ ಸ್ವಂತ ಪ್ರತಿಭೆಯಿಂದ ಗಳಿಸಿದ ಹಣವನ್ನು ಸೇರಿಸಬೇಕಾಗಿಲ್ಲ. ಆದರೆ ಆ ಹಣವನ್ನು ಠೇವಣಿಯಿಟ್ಟರೆ ಬರುವ ಬಡ್ಡಿಗೆ ಮತ್ತೆ ಮೊದಲಿನ ನಿಯಮವೇ.

ಮಗುವಿಗೆ ಹದಿನೆಂಟು ತುಂಬಿದೊಡನೆ ಚಿತ್ರ ಬದಲಾಗುತ್ತದೆ. ಕಾಲೇಜಿನಲ್ಲಿ ಓದುತ್ತಿರುವ ಮಗನಿಗೋ ಮಗಳಿಗೋ ತಂದೆ ತಾಯಿ ಕೊಟ್ಟ ದಾನಕ್ಕೆ ಕರವಿಲ್ಲ. ಅದರಿಂದ ಹುಟ್ಟುವ ಬಡ್ಡಿ ಅವರದೇ ಆದಾಯ. ಅವರಿಗೆ ಬೇರೆ ಗಳಿಕೆ ಇಲ್ಲದಿದ್ದಲ್ಲಿ ಆ ಬಡ್ಡಿಗೆ ಕರ ಬೀಳುವ ಸಂಭವ ಕಡಿಮೆ. ವಸತಿ ನಿಲಯದ ವೆಚ್ಚವನ್ನು ಈ ಬಡ್ಡಿಯಿಂದಲೇ ಭರಿಸುವ ಮನೆಗಳಿವೆ. ಇದು ಪೂರ್ಣವಾಗಿ ಕಾನೂನುಬದ್ಧವಾದ ಕ್ರಮ. ಆದರೆ ಒಮ್ಮೆ ಕೊಟ್ಟ ಹಣ ಕೊಟ್ಟದ್ದೇ, ಅದರ ಒಡೆತನ ಮಕ್ಕಳದು ಎಂಬುದನ್ನು ಮರೆಯಬಾರದು. ಸೊಸೆಯ ಹೆಸರಿಗೆ ಅತ್ತೆ ಮಾವಂದಿರು ಕೊಟ್ಟ ಹಣದ ಆದಾಯ ಮಾತ್ರ ಕೊಟ್ಟವರ ಲೆಕ್ಕಕ್ಕೇ ಹಿಂದಿರುಗುತ್ತದೆ.

ಶಿಕ್ಷಣ ಸಾಲದ ಬಡ್ಡಿ

ಉನ್ನತ ವ್ಯಾಸಂಗಕ್ಕೆ ಬ್ಯಾಂಕು ಅಥವಾ ಮಾನ್ಯತೆ ಪಡೆದ ಹಣಕಾಸು ಸಂಸ್ಥೆಯಿಂದ ತೆಗೆದ ಸಾಲದ ಬಡ್ಡಿಗೆ 80ಇ ಕಲಮಿನಡಿ ಹಳೆಯ ಪದ್ಧತಿಯಲ್ಲಿ ಕಡಿತವಿದೆ. ಇದಕ್ಕೆ ಮೊತ್ತದ ಮಿತಿಯಿಲ್ಲ. ಕಟ್ಟಿದ ಬಡ್ಡಿಯೆಲ್ಲವೂ ಸಲ್ಲುತ್ತದೆ. ವಿದೇಶದ ವ್ಯಾಸಂಗಕ್ಕೂ ಅನ್ವಯಿಸುತ್ತದೆ. ಅಸಲಿಗೆ ಈ ಸೌಲಭ್ಯವಿಲ್ಲ, ಬಂಧುಗಳಿಂದ ಪಡೆದ ಕೈಗಡಕ್ಕೂ ಇಲ್ಲ.

ಎರಡು ಸೂಕ್ಷ್ಮಗಳನ್ನು ಸಾಲಪತ್ರಕ್ಕೆ ಸಹಿ ಮಾಡುವ ಮೊದಲೇ ಯೋಚಿಸಬೇಕು. ಕಡಿತವು ಸಾಲ ಪಡೆದವನು ತನ್ನ ಆದಾಯದಿಂದ ಬಡ್ಡಿ ಕಟ್ಟಿದಾಗ ಮಾತ್ರ ಸಿಗುತ್ತದೆ. ಸಾಲ ನಿವೃತ್ತ ತಂದೆಯೊಬ್ಬರ ಹೆಸರಿನಲ್ಲಿದ್ದು, ಕಂತು ಕಟ್ಟುವವಳು ಉದ್ಯೋಗಕ್ಕೆ ಸೇರಿದ ಮಗಳಾದರೆ, ಆ ಕಡಿತ ಇಬ್ಬರಿಗೂ ದಕ್ಕದೆ ಹೋಗುತ್ತದೆ. ಮುಂದೆ ಯಾರು ತೀರಿಸುವರೋ ಅವರ ಹೆಸರು ಸಾಲಗಾರರಲ್ಲಿ ಇರುವಂತೆ ನೋಡಿಕೊಳ್ಳುವುದು ಲೇಸು. ಎರಡನೆಯದಾಗಿ, ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷಗಳವರೆಗೆ ಮಾತ್ರ ಕಡಿತ. ಓದು ನಡೆದಿರುವಾಗಲೇ ಅಲ್ಪ ಸ್ವಲ್ಪ ಕಟ್ಟಿದರೂ ಎಣಿಕೆ ಆಗಿನಿಂದಲೇ ಶುರುವಾಗುತ್ತದೆ. ಹಾಗೆಂದು ಕರದ ಆಸೆಗೆ ಬಡ್ಡಿಯನ್ನು ಬೆಳೆಯಗೊಡುವುದು ಜಾಣತನವಲ್ಲ. ಉಳಿಯುವ ಕರಕ್ಕಿಂತ ಬೆಳೆಯುವ ಬಡ್ಡಿಯೇ ಹೆಚ್ಚಾದೀತು.

ಪ್ರತಿಭಾವಂತ ಮಕ್ಕಳಿಗೆ ದೊರೆಯುವ ವಿದ್ಯಾರ್ಥಿವೇತನವು ವಿದ್ಯಾಭ್ಯಾಸದ ವೆಚ್ಚಕ್ಕೆಂದು ಕೊಟ್ಟದ್ದಾದರೆ ಎರಡೂ ಪದ್ಧತಿಗಳಲ್ಲಿ ಕರಮುಕ್ತ.

ವಿಶೇಷ ಆರೈಕೆ ಬೇಕಾದ ಮಗು

ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳಲು ಹಿಂಜರಿಯುವ ವಿಷಯವೊಂದಿದೆ. ಮಗುವಿಗೆ ಶ್ರವಣದೋಷವಿದ್ದರೆ, ಬುದ್ಧಿಮಾಂದ್ಯವಿದ್ದರೆ, ಆಟಿಸಂ ಅಥವಾ ಮೆದುಳಿನ ಪಾರ್ಶ್ವವಾಯುವಿದ್ದರೆ ತಂದೆ ತಾಯಿಗಳು ಅದನ್ನು ಪ್ರಮಾಣಪತ್ರದಲ್ಲಿ ಬರೆಸಲು ಒಪ್ಪುವುದಿಲ್ಲ. "ನಾಳೆ ಅವಳ ಮದುವೆಗೆ ಅಡ್ಡಿಯಾದೀತು" ಎಂದು ನಮ್ಮ ಪರಿಚಯದ ತಾಯಿಯೊಬ್ಬರು ಹಲವು ವರ್ಷ ಸುಮ್ಮನಿದ್ದರು. ಚಿಕಿತ್ಸೆಗೆ, ತರಬೇತಿಗೆ, ಊರಿಂದೂರಿಗೆ ಓಡಾಟಕ್ಕೆ ಕೈಯಲ್ಲಿದ್ದುದೆಲ್ಲ ಕರಗುತ್ತಿದ್ದಾಗಲೂ ಕಾನೂನು ಕೊಟ್ಟ ನೆರವನ್ನು ಅವರು ಮುಟ್ಟಲಿಲ್ಲ.

ಅವಲಂಬಿತ ಅಂಗವಿಕಲ ಮಗುವಿನ ಪಾಲಕರಿಗೆ 80ಡಿಡಿ ಕಲಮಿನಡಿ, ಹಳೆಯ ಪದ್ಧತಿಯಲ್ಲಿ, 75 ಸಾವಿರ ರೂ. ಕಡಿತವುಂಟು, ಅಂಗವೈಕಲ್ಯ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ 1 ಲಕ್ಷ 25 ಸಾವಿರ ರೂ. ಆರೈಕೆಗೆ ಖರ್ಚು ಮಾಡಿದ್ದು ಎಷ್ಟೇ ಇರಲಿ, ಕಡಿತ ಇಷ್ಟೇ ಪೂರ್ತಿಯಾಗಿ ದೊರೆಯುತ್ತದೆ. ಇದಕ್ಕೆ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಪುನಃ ಪರೀಕ್ಷೆಯ ಅವಧಿ ಅದರಲ್ಲಿ ನಮೂದಾಗಿದ್ದರೆ ಅದು ಮುಗಿದೊಡನೆ ಹೊಸದನ್ನು ಪಡೆಯಬೇಕು. ಥಲಸ್ಸೇಮಿಯ, ಹಿಮೋಫಿಲಿಯ, ಕ್ಯಾನ್ಸರ್‌ನಂತಹ ಕೆಲವು ರೋಗಗಳ ಚಿಕಿತ್ಸೆಯ ವೆಚ್ಚಕ್ಕೆ 40 ಸಾವಿರ ರೂ. ವರೆಗೆ ಪ್ರತ್ಯೇಕ ಕಡಿತವಿದೆ. ಇಂತಹ ಅಂಗವಿಕಲ ಮಗುವಿನ ಹೆಸರಿನ ಠೇವಣಿಯ ಬಡ್ಡಿಯನ್ನು ತಂದೆ ತಾಯಿಗಳ ಆದಾಯಕ್ಕೆ ಸೇರಿಸುವ ನಿಯಮವೂ ಇಲ್ಲ. ತಮ್ಮ ನಂತರ ಈ ಮಗುವಿನ ಗತಿಯೇನೆಂದು ಕೊರಗುವ ಹಿರಿಯರಿಗೆ ಇದು ದೊಡ್ಡ ಸಮಾಧಾನ.

ಒಂದು ಲೆಕ್ಕ

2025-26ನೇ ಸಾಲಿನ ದರದಂತೆ ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಸಣ್ಣಪುಟ್ಟ ಬಾಬತ್ತುಗಳನ್ನು ಬಿಟ್ಟಿದ್ದೇವೆ. ಒಬ್ಬರ ವಾರ್ಷಿಕ ಸಂಬಳ 18 ಲಕ್ಷ ರೂ. ಹೊಸ ಪದ್ಧತಿಯಲ್ಲಿ 75 ಸಾವಿರ ಕಳೆದರೆ 17 ಲಕ್ಷ 25 ಸಾವಿರ. ಉಪಕರ ಸೇರಿ ಕರ 1,50,800 ರೂ.

ಅವರೇ ಹಳೆಯ ಪದ್ಧತಿಯಲ್ಲಿ ಪ್ರಮಾಣಿತ ಕಡಿತ 50 ಸಾವಿರ, ಶುಲ್ಕ ಮತ್ತು ಉಳಿತಾಯಕ್ಕೆ ಒಂದೂವರೆ ಲಕ್ಷ, ತಮ್ಮ ಕುಟುಂಬದ ಮತ್ತು ವೃದ್ಧ ತಂದೆ ತಾಯಿಗಳ ಆರೋಗ್ಯ ವಿಮೆಗೆ 75 ಸಾವಿರ, ಹಿರಿಯ ಮಗನ ಶಿಕ್ಷಣ ಸಾಲದ ಬಡ್ಡಿ ಒಂದೂವರೆ ಲಕ್ಷ, ವಾಸದ ಮನೆಯ ಸಾಲದ ಬಡ್ಡಿ 2 ಲಕ್ಷ ಕಳೆದರೆ ಉಳಿಯುವುದು 11 ಲಕ್ಷ 75 ಸಾವಿರ. ಕರ 1,71,600 ರೂ. ಇಷ್ಟೆಲ್ಲ ಕಡಿತವಿದ್ದರೂ ಹೊಸ ಪದ್ಧತಿಯೇ ಅವರಿಗೆ ಅಗ್ಗ! ಆದರೆ ಅದೇ ಮನೆಯಲ್ಲಿ ತೀವ್ರ ಅಂಗವೈಕಲ್ಯದ ಮಗುವೊಂದಿದ್ದು 1 ಲಕ್ಷ 25 ಸಾವಿರ ರೂ. ಇನ್ನೂ ಕಳೆದರೆ, ಕರ 1,32,600 ರೂಪಾಯಿಗಿಳಿಯುತ್ತದೆ. ಆಗ ಹಳೆಯ ಪದ್ಧತಿಯಲ್ಲಿ 18,200 ರೂ. ಉಳಿತಾಯ. ಪ್ರಮಾಣಪತ್ರ ಮಾಡಿಸದೆ ಸುಮ್ಮನಿದ್ದ ಆ ತಾಯಿಯ ನೆನಪು ನಮಗೆ ಇಲ್ಲಿ ಮತ್ತೆ ಬರುತ್ತದೆ. ಒಂದು ಕಾಗದ ಯಾವ ದಾರಿ ಹಿತವೆಂಬುದನ್ನೇ ಬದಲಿಸಬಲ್ಲದು.

ಅವಿಭಕ್ತ ಕುಟುಂಬದ ಮಾತು

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿ ನಮೂದಾಗಿವೆ. ಆದುದರಿಂದ ಅವಿಭಕ್ತ ಕುಟುಂಬಕ್ಕೆ ಕರ ಕಾನೂನು ಕೊಟ್ಟಿರುವ ಪ್ರತ್ಯೇಕ ಸ್ಥಾನ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಪಿತ್ರಾರ್ಜಿತ ಮಳಿಗೆಯ ಬಾಡಿಗೆ ಕುಟುಂಬದ ಹೆಸರಿನಲ್ಲಿ ಬಂದರೆ, ಕುಟುಂಬವು ತನ್ನದೇ ಪ್ಯಾನ್ ಸಂಖ್ಯೆಯೊಡನೆ ಬೇರೆಯಾಗಿ ರಿಟರ್ನ್ ಸಲ್ಲಿಸುತ್ತದೆ. ಆ ಆದಾಯದಿಂದ ಸದಸ್ಯನಿಗೆ ಕೊಟ್ಟ ಹಣಕ್ಕೆ ಮತ್ತೆ ಕರವಿಲ್ಲ. ಮಕ್ಕಳ ವ್ಯಾಸಂಗಕ್ಕೆ ಇದನ್ನು ಬಳಸಬಹುದು. ಹೆಣ್ಣು ಮಕ್ಕಳಿಗೂ ಇದರಲ್ಲಿ ಹಕ್ಕಿದೆ: ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ತಂದು ಮಗಳನ್ನು ಸಮಪಾಲುದಾರಳನ್ನಾಗಿಸಿತು, 2005ರಲ್ಲಿ ಇಡೀ ದೇಶಕ್ಕೆ ಆ ನಿಯಮ ಬಂದಿತು.

ಆದರೆ ಎಚ್ಚರ ಬೇಕು. ಸ್ವಂತ ದುಡಿಮೆಯ ಆಸ್ತಿಯನ್ನು ಕುಟುಂಬಕ್ಕೆ ಸೇರಿಸಿದರೆ ಅದರ ಆದಾಯ ಸೇರಿಸಿದವನ ತಲೆಗೇ ಬರುತ್ತದೆ. ತಂದೆಯ ಸ್ವಯಾರ್ಜಿತ ಆಸ್ತಿ 1956ರ ಕಾಯಿದೆಯ ಪ್ರಕಾರ ಮಗನಿಗೆ ಬಂದರೆ ಅದು ಮಗನ ಸ್ವಂತದ್ದು, ಕುಟುಂಬದ್ದಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1986ರ ಚಂದರ್ ಸೇನ್ ಪ್ರಕರಣದಲ್ಲಿ ತೀರ್ಮಾನಿಸಿದೆ. 12 ಲಕ್ಷ ರೂ. ವರೆಗಿನ ಮನ್ನಾ ಸೌಲಭ್ಯವೂ ಕುಟುಂಬಕ್ಕೆ ಇಲ್ಲ. ತಿಳಿದ ಲೆಕ್ಕಿಗರ ಸಲಹೆಯಿಲ್ಲದೆ ಈ ದಾರಿಯಲ್ಲಿ ಹೆಜ್ಜೆಯಿಡಬಾರದು.

ಕೊನೆಯ ಮಾತು

ಫ್ರಾನ್ಸ್ ದೇಶದಲ್ಲಿ 1945ರಿಂದಲೂ ಮಕ್ಕಳ ಸಂಖ್ಯೆಗನುಸಾರ ಕುಟುಂಬದ ಆದಾಯವನ್ನು ಭಾಗಿಸಿ ಕರವನ್ನು ನಿರ್ಧರಿಸುತ್ತಾರೆ. ಬ್ರಿಟನ್ನಿನಲ್ಲಿ 1977ರಿಂದ ಹಂತಹಂತವಾಗಿ ಮಕ್ಕಳ ಕರ ವಿನಾಯಿತಿಯನ್ನು ತೆಗೆದು, ಸಾಮಾನ್ಯವಾಗಿ ತಾಯಿಯ ಕೈಗೇ ಹಣ ಸೇರುವ ಏರ್ಪಾಡು ಮಾಡಿದರು. ಅಮೆರಿಕೆಯಲ್ಲಿ 1997ರ ಕಾನೂನಿನಿಂದ ಪ್ರತಿ ಮಗುವಿಗೆ ಕರದಲ್ಲೇ ನೇರ ರಿಯಾಯಿತಿ ಬಂದಿತು. ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಅದನ್ನು ಬಲ್ಲವು. ನಮ್ಮ ಕಾಯಿದೆಯು ಇಂದು ಮಗುವಿಗಿಂತ ರಸೀದಿಯನ್ನು ನೋಡಿ ಕಡಿತ ಕೊಡುತ್ತದೆ. ಹೊಸ ಪದ್ಧತಿಯಲ್ಲಂತೂ ಮಕ್ಕಳಿಲ್ಲದವನೂ ಮೂವರು ಮಕ್ಕಳನ್ನು ಓದಿಸುವವನೂ ಒಂದೇ. ಅಂಗವಿಕಲ ಮಗುವಿನ ಪಾಲಕರಿಗಾದರೂ ಆ ಪದ್ಧತಿಯಲ್ಲಿ ಕಡಿತ ಉಳಿಯಬೇಕಾಗಿತ್ತೆಂಬುದು ನಮ್ಮ ಅಭಿಪ್ರಾಯ. ಪಾಲಕರ ಸಂಘಗಳು ಇದನ್ನು ಸರಕಾರದ ಮುಂದಿಡುವುದು ಯೋಗ್ಯ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಏಪ್ರಿಲ್ ತಿಂಗಳಲ್ಲೇ ಮನೆಯವರೆಲ್ಲ ಕುಳಿತು ವರ್ಷದ ಶುಲ್ಕ, ಕಂತು, ಬಡ್ಡಿಗಳನ್ನು ಒಂದು ಹಾಳೆಯಲ್ಲಿ ಬರೆಯೋಣ. ಎರಡೂ ಪದ್ಧತಿಗಳ ಲೆಕ್ಕ ಹಾಕೋಣ. ರಸೀದಿಗಳನ್ನು ಒಂದು ಲಕೋಟೆಯಲ್ಲಿ ಕೂಡಿಡೋಣ. ಇಲ್ಲದ ಬಾಡಿಗೆ, ಕಟ್ಟದ ದೇಣಿಗೆ ತೋರಿಸಿ ಹಣ ಹಿಂದಿರುಗಿಸಿಕೊಡುತ್ತೇವೆಂದು ಆಸೆ ತೋರಿಸುವ ಮಧ್ಯವರ್ತಿಗಳಿಂದ ದೂರವಿರೋಣ. ಸುಳ್ಳು ವಿವರ ಸಿಕ್ಕಿಬಿದ್ದರೆ ತಪ್ಪಿಸಿದ ಕರದ ಎರಡರಷ್ಟು ದಂಡ ತೆರಬೇಕಾಗುತ್ತದೆ.

ಮಕ್ಕಳಿಗೆ ನಾವು ಬಿಟ್ಟುಹೋಗುವ ಠೇವಣಿ ಎಷ್ಟೋ ಏನೋ. ಸಲ್ಲಬೇಕಾದುದನ್ನು ಸಲ್ಲಿಸಿ, ಬರಬೇಕಾದುದನ್ನು ಕೇಳಿ ಪಡೆದು, ಬೆವರಿನ ಗಳಿಕೆಯಿಂದ ತಮ್ಮನ್ನು ಓದಿಸಿದರೆಂಬ ನೆನಪು ಅವರಲ್ಲಿ ಉಳಿದರೆ ಅದಕ್ಕಿಂತ ಹೆಚ್ಚಿನ ಆಸ್ತಿ ಬೇರೆ ಬೇಕಾಗಿಲ್ಲ.